ದೊಡ್ಡಮ್ಮ ನೋಡಗೊಡದ ಧಾರಾವಾಹಿ

ಮಾನ್ಯ ಕಾದಂಬರಿಕಾರರಿಗೆ ತುಮಕೂರಿನಿಂದ ನಮಸ್ಕಾರಗಳು.

ನಿಮ್ಮ ಕಾದಂಬರಿ ನಿಮಗಿಂತ ಚೆನ್ನಾಗಿ ನಮ್ಮ ದೊಡ್ಡಮ್ಮನಿಗೆ ಗೊತ್ತು! ಈ ಮಾತು ನಾನು ಹೇಳುತ್ತಿರುವುದಲ್ಲ, ಸ್ವತಃ ಅವಳೇ ಹೇಳುವುದು, ಅದೂ ದಿನಕ್ಕೆ ಒಂದು ಸಲವಾದರೂ. ನೀವು ತೀರಿಕೊಂಡು ಬಹಳ ಕಾಲವಾಯಿತು. ಯಾವ ಪುಟದಲ್ಲಿ ಏನು ಬರೆದಿದ್ದೆ ಎಂಬುದು ನಿಮಗೇ ಮರೆತಿದ್ದರೆ ಆಶ್ಚರ್ಯವಿಲ್ಲ. ದೊಡ್ಡಮ್ಮನಿಗೆ ಎಪ್ಪತ್ತನಾಲ್ಕು. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ಮರೆಯುತ್ತಾಳೆ, ನಿಮ್ಮ ಕಾದಂಬರಿ ಮಾತ್ರ ನಲವತ್ತೈದು ವರ್ಷಗಳ ನಂತರವೂ ನಾಲಿಗೆಯ ತುದಿಯಲ್ಲಿದೆ.

ಆ ಕಾದಂಬರಿ ಈಗ ಟಿವಿಯಲ್ಲಿ ಧಾರಾವಾಹಿಯಾಗಿ ಬರುತ್ತಿದೆ. ನಿಮಗೆ ಯಾರೂ ತಿಳಿಸಿರಲಿಕ್ಕಿಲ್ಲ. ಸೋಮವಾರದಿಂದ ಶುಕ್ರವಾರ, ಸಂಜೆ ಆರೂವರೆಯಿಂದ ಏಳು. ಶುರುವಿನಲ್ಲಿ ನಿಮ್ಮ ಹೆಸರನ್ನೂ ಹಾಕುತ್ತಾರೆ, ಆದರೆ ರೆಪ್ಪೆ ಬಡಿದರೆ ತಪ್ಪಿಹೋಗುವಷ್ಟು ಅವಸರದಲ್ಲಿ. ನೀವು ನಿಮ್ಮ ನಾಯಕಿ, ಆ ಬಡಪಾಯಿ ಕಮಲಾಕ್ಷಿಗೆ ಇಡೀ ಕಾದಂಬರಿಗೆ ಎರಡೇ ಎರಡು ನೂಲಿನ ಸೀರೆ ಕೊಟ್ಟಿದ್ದಿರಲ್ಲ, ಅವಳೀಗ ರೇಷ್ಮೆ ಸೀರೆ ಉಟ್ಟು ಮಲಗುತ್ತಾಳೆ, ಬೆಳಿಗ್ಗೆ ಲಿಪ್‌ಸ್ಟಿಕ್ ಸಮೇತ ಏಳುತ್ತಾಳೆ. ಅವಳ ಅತ್ತಿಗೆ ಬಾಗಿಲಿಗೆ ಬಂದು ನಿಂತರೆ ಆ ಮುಖವನ್ನು ಮೂರು ಸಲ ತೋರಿಸುತ್ತಾರೆ, ಮೂರು ಸಲವೂ ಗುಡುಗುತ್ತದೆ. ಇದಕ್ಕೆಲ್ಲ ನನ್ನ ತಕರಾರಿಲ್ಲ. ನನ್ನ ತಕರಾರು ಇಷ್ಟೇ: ಐದು ತಿಂಗಳಿಂದ ಈ ಧಾರಾವಾಹಿ ನಮ್ಮ ಮನೆಯಲ್ಲಿ ಓಡುತ್ತಿದೆ, ಒಂದೇ ಒಂದು ಕಂತನ್ನು ಪೂರ್ತಿ ನೋಡಲು ದೊಡ್ಡಮ್ಮ ನನಗಾಗಲಿ ಅಮ್ಮನಿಗಾಗಲಿ ಬಿಟ್ಟಿಲ್ಲ!

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಇರುವುದು ಗುಬ್ಬಿಯಲ್ಲಿ, ಮಗ ಸೊಸೆಯ ಜೊತೆ. ಮಗನ ಮನೆಯಲ್ಲಿ ಗೋಡೆಯಗಲದ ಟಿವಿ ಇದೆ. ಸೊಸೆ ಒಳ್ಳೆಯವಳು, ರಿಮೋಟನ್ನು ಅತ್ತೆಯ ಕೈಗೇ ಕೊಟ್ಟುಬಿಟ್ಟಿದ್ದಾಳೆ. ಅದೆಲ್ಲ ಬಿಟ್ಟು ಈ ಮಹಾತಾಯಿ ನಮ್ಮ ಮನೆಯ ಹಳೇ ಟಿವಿಯಲ್ಲಿ ಧಾರಾವಾಹಿ ನೋಡಲು ಪ್ರತಿ ಸೋಮವಾರ ತುಮಕೂರಿಗೆ ಬರುತ್ತಾಳೆ, ಶನಿವಾರ ಬೆಳಿಗ್ಗೆ ವಾಪಸ್ ಹೋಗುತ್ತಾಳೆ. ವಾರಕ್ಕೆ ಐದು ದಿನದ ನೌಕರಿ! ನಾನು ಗುಬ್ಬಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ಸೋಮವಾರ ನಾನು ಗುಬ್ಬಿಗೆ ಹೋಗುವ ಬಸ್ಸೂ ಅವಳು ತುಮಕೂರಿಗೆ ಬರುವ ಬಸ್ಸೂ ದಾರಿಯಲ್ಲೆಲ್ಲೋ ಎದುರುಬದುರಾಗಿ ಹಾದುಹೋಗುತ್ತವೆ.

"ಅಲ್ಲ ದೊಡ್ಡಮ್ಮ, ಅಷ್ಟು ದೊಡ್ಡ ಟಿವಿ ಬಿಟ್ಟು ಇಲ್ಲಿಗ್ಯಾಕೆ ಬರ್ತೀಯ?" ಎಂದು ನಾನು ಒಮ್ಮೆ ಕೇಳಿದೆ.

"ಬಸ್ಸು ಹೆಂಗಸ್ರಿಗೆ ಫ್ರೀ ಕಣೇ" ಎಂದಳು.

ಪ್ರಶ್ನೆ ಬಸ್ಸಿನದಲ್ಲವಲ್ಲ! ಆದರೆ ದೊಡ್ಡಮ್ಮನ ಉತ್ತರಗಳು ಹಾಗೆಯೇ. ನಾವು ಕೇಳಿದ್ದಕ್ಕೆ ಬರುವುದಿಲ್ಲ, ಅವಳು ಹೇಳಬೇಕೆಂದಿದ್ದಕ್ಕೆ ಬರುತ್ತವೆ.

ಆರೂಕಾಲಿಗೆ ಅವಳ ಸಿದ್ಧತೆ ಶುರು. ಮುಖ ತೊಳೆದು, ಇಸ್ತ್ರಿ ಸೀರೆ ಉಟ್ಟು, ಹಣೆಗಿಟ್ಟುಕೊಂಡು, ಎಲೆಯಡಿಕೆ ಡಬ್ಬಿ ಹಿಡಿದು ಸೋಫಾದ ಎಡತುದಿಯಲ್ಲಿ ಕೂರುತ್ತಾಳೆ. ಟಿವಿ ನೋಡಲು ಸೀರೆ ಯಾಕೆ ಬದಲಾಯಿಸಬೇಕು ಎಂದರೆ, "ಅವ್ರು ಅಷ್ಟು ಸಿಂಗಾರ ಮಾಡ್ಕಂಡು ನಮ್ ಮನೆಗೆ ಬರ್ತಾರೆ, ನಾವು ನೈಟೀಲಿ ಕೂತಿರಕ್ಕಾಯ್ತದಾ?" ಎನ್ನುತ್ತಾಳೆ. ಅವಳ ಬಲಕ್ಕೆ ಅಮ್ಮ, ಅಮ್ಮನ ಬಲಕ್ಕೆ ನಾನು. ನಮ್ಮ ಮನೆಯವರು ಸರಿಯಾಗಿ ಆರೂ ಇಪ್ಪತ್ತೈದಕ್ಕೆ ವಾಕಿಂಗ್ ಹೊರಡುತ್ತಾರೆ. ಮೊದಲು ವಾಕಿಂಗ್ ಎಂದರೆ ಮೂಗು ಮುರಿಯುತ್ತಿದ್ದವರು ಈ ಐದು ತಿಂಗಳಲ್ಲಿ ನಾಲ್ಕು ಕೇಜಿ ಇಳಿದಿದ್ದಾರೆ. ಈ ಉಪಕಾರವನ್ನು ನಿಮ್ಮ ಲೆಕ್ಕಕ್ಕೇ ಹಾಕಬೇಕು.

ಜಾಹೀರಾತು ಬಂದಾಗ ದೊಡ್ಡಮ್ಮ ಉಸಿರೂ ಬಿಡದೆ ನೋಡುತ್ತಾಳೆ. ಆಗ ಯಾರೂ ಮಾತಾಡುವಂತಿಲ್ಲ. "ನೋಡ್ರೇ, ಕೊಳೆ ಬಟ್ಟೆ ಬೆಳ್ಳಗಾಯ್ತು, ಮಂಡಿನೋವು ಹೋಯ್ತು, ಎಲ್ರೂ ನಗ್ತಾವ್ರೆ. ಎಷ್ಟು ಬೇಗ ಮುಗುಸ್ದ್ರು! ಕತೆ ಅಂದ್ರೆ ಹಿಂಗಿರ್ಬೇಕು" ಎಂದು ತೀರ್ಪು ಕೊಡುತ್ತಾಳೆ. ಜಾಹೀರಾತು ಮುಗಿದು ನಿಮ್ಮ ಕತೆ ಶುರುವಾದ ತಕ್ಷಣ ಅವಳ ಬಾಯಿಯೂ ಶುರು.

"ಹಂಗಲ್ಲ!"

ಇದು ಅವಳ ಮೊದಲ ಅಸ್ತ್ರ. ಕಮಲಾಕ್ಷಿ ತವರಿನ ಜಗಲಿಯಲ್ಲಿ ಕೂತು ಕಣ್ಣೀರಿಡುತ್ತಿದ್ದರೆ, "ಹಂಗಲ್ಲ! ಕಮಲಾಕ್ಷಿ ಅಷ್ಟೊಂದ್ ಅಳ್ತಿರ್ಲಿಲ್ಲ. ನಾನ್ ಓದಿಲ್ವಾ?" ಅತ್ತಿಗೆ ಅವಳ ತಟ್ಟೆಗೆ ತಂಗಳು ಬಡಿಸಿದರೆ, "ಹಂಗಲ್ಲ! ಕಮಲಾಕ್ಷಿ ತಟ್ಟೆ ತಳ್ಳಿ ಎದ್ದೋಗ್ತಾಳೆ, ಹೋಗಿ ತಾನೇ ಒಲೆ ಹಚ್ತಾಳೆ." ಹೀಗೆ ಒಂದು ಕಡೆ ಟಿವಿಯ ಕಮಲಾಕ್ಷಿ ಅಳುತ್ತಿರುತ್ತಾಳೆ, ಇನ್ನೊಂದು ಕಡೆ ದೊಡ್ಡಮ್ಮನ ಕಮಲಾಕ್ಷಿ ಒಲೆ ಹಚ್ಚಿ ಬಿಸಿ ಮುದ್ದೆ ತೊಳಸುತ್ತಿರುತ್ತಾಳೆ. ಯಾರನ್ನು ನೋಡುವುದು, ಯಾರನ್ನು ಕೇಳುವುದು? ನಡುವೆ ಕೂತ ಅಮ್ಮ ಮಾತ್ರ ತನ್ನ ಪಾಡಿಗೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿರುತ್ತಾಳೆ. ಮೂವತ್ತು ವರ್ಷ ಮಕ್ಕಳ ಗಲಾಟೆಯ ನಡುವೆ ಪಾಠ ಮಾಡಿ ನಿವೃತ್ತಳಾದ ಮೇಡಂ ಅವಳು. ಇಂಥದ್ದಕ್ಕೆಲ್ಲ ಜಗ್ಗುವುದಿಲ್ಲ.

ಮಾತು ಸಾಲದಾದಾಗ ದೊಡ್ಡಮ್ಮ ಬೇರೆ ಅಸ್ತ್ರಗಳನ್ನು ತೆಗೆಯುತ್ತಿದ್ದಳು. ಕಮಲಾಕ್ಷಿಯ ಗಂಡ ಅವಳನ್ನು ಮಗುವಿನ ಸಮೇತ ಮನೆಯಿಂದ ಹೊರಗೆ ಹಾಕುವ ದಿನ, ಅವನಿನ್ನೂ ಬಾಗಿಲು ತೆಗೆಯುತ್ತಿದ್ದಾನೆ, ಅಡುಗೆಮನೆಯಲ್ಲಿ ಅಮ್ಮನ ಮೊಬೈಲು ಬಡಿದುಕೊಂಡಿತು. ಅಮ್ಮ ಎದ್ದು ಹೋದಳು. ಹೋಗಿ ನೋಡಿದರೆ ಕರೆ ಮಾಡಿದ್ದು ಯಾರು? ಹಾಲಿನಲ್ಲಿ ಕೂತಿದ್ದ ದೊಡ್ಡಮ್ಮ!

"ಇಲ್ಲೇ ಕೂತ್ಕೊಂಡು ನಂಗ್ಯಾಕೆ ಫೋನ್ ಮಾಡ್ದೆ ಅಕ್ಕ?"

"ಕೈ ತಗುಲ್ತು ಕಣೇ. ಎದ್ದಿದ್ದೀಯಲ್ಲ, ಹಂಗೇ ಒಂದ್ಲೋಟ ನೀರು ತಗಂಬಾ."

ಅಮ್ಮ ನೀರು ತರುವಷ್ಟರಲ್ಲಿ ಕಮಲಾಕ್ಷಿ ಬೀದಿಗೆ ಬಿದ್ದಾಗಿತ್ತು, ಪರದೆಯ ಮೇಲೆ ಯಾರೋ ನಗುನಗುತ್ತ ಪಾತ್ರೆ ತೊಳೆಯುತ್ತಿದ್ದರು. ಇನ್ನೊಂದು ದಿನ ಕನ್ನಡಕ ಕಳೆದುಹೋಯಿತೆಂದು ಅಮ್ಮನನ್ನು ಮನೆಯೆಲ್ಲ ಹುಡುಕಿಸಿದಳು. ಅದು ಅವಳ ತಲೆಯ ಮೇಲೇ ಇತ್ತು. ಮಗದೊಂದು ದಿನ ಕರಿಬೇವು ಕೇಳಲು ಬಂದ ಪಕ್ಕದ ಮನೆಯಾಕೆಯನ್ನು ಟಿವಿಯ ಮುಂದೆಯೇ ನಿಲ್ಲಿಸಿಕೊಂಡು, ಆಕೆಯ ಮೂವರು ಮಕ್ಕಳ ಮಾರ್ಕ್ಸನ್ನು ವಿಷಯವಾರು ವಿಚಾರಿಸಿದಳು. ಇದು ಮುಪ್ಪಿನ ಚೇಷ್ಟೆ ಎಂದು ನಾನು ನಂಬಿದ್ದೆ. ಇಷ್ಟು ವಯಸ್ಸಾದ ಮೇಲೆ ನಾವೆಲ್ಲ ಅವಳತ್ತ ನೋಡುತ್ತಿರಬೇಕು, ಟಿವಿಯತ್ತ ಅಲ್ಲ ಎಂಬ ಆಸೆ ಇರಬಹುದು ಅಂದುಕೊಂಡಿದ್ದೆ.

ಆದರೆ ಕುಣಿಗಲ್‌ನಲ್ಲಿ ಅವಳು ಮಾಡಿದ್ದನ್ನು ನೀವು ಕೇಳಲೇಬೇಕು. ಅಲ್ಲಿ ನಮ್ಮ ನೆಂಟರ ಹುಡುಗಿಯ ನಿಶ್ಚಿತಾರ್ಥವಿತ್ತು. ಮೂವರೂ ಹೋಗಿದ್ದೆವು. ಅಮ್ಮನ ಗಂಡನ ಮನೆಯೂ ಕುಣಿಗಲ್ ಕಡೆಯದೇ. ನಾನು ಕೂಸಾಗಿದ್ದಾಗಲೇ ನನ್ನ ಅಪ್ಪ ಇನ್ನೊಂದು ಮದುವೆಯಾಗಿ, ಅಮ್ಮನನ್ನು ತವರಿಗೆ ಕಳಿಸಿಬಿಟ್ಟ. ಇವತ್ತಿಗೂ ಬಸ್ಸಿನ ಕಿಟಕಿಯಲ್ಲಿ ಕುಣಿಗಲ್ ಕೆರೆ ಕಂಡರೆ ಅಮ್ಮ ಮಾತು ಕಡಿಮೆ ಮಾಡುತ್ತಾಳೆ. ನಾವು ಹೋಗಿ ಕೂತಾಗ ಆರೂವರೆ. ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಒಟ್ಟಿಗೆ ಕೂತು ಟಿವಿಯಲ್ಲಿ ನಿಮ್ಮ ಧಾರಾವಾಹಿಯನ್ನೇ ನೋಡುತ್ತಿದ್ದರು. ಆವತ್ತು ಕಮಲಾಕ್ಷಿಯ ಗಂಡ ಎರಡನೇ ಹೆಂಡತಿಯನ್ನು ಕರೆತಂದಿದ್ದ, ಹೊಸಿಲ ಮೇಲೆ ಅಕ್ಕಿ ತುಂಬಿದ ಪಾವು ಇಟ್ಟಿದ್ದರು. ಆಕೆ ಕಾಲೆತ್ತಿದಳು. ದೊಡ್ಡಮ್ಮ ಎದ್ದಳು, ನೆಟ್ಟಗೆ ಹೋಗಿ ಟಿವಿ ಆರಿಸಿದಳು!

"ನೆಂಟ್ರು ಮನೆ ತುಂಬ ಕೂತವ್ರೆ, ಇದೇನ್ರೀ ಟಿವಿ ಹಾಕ್ಕಂಡು? ನಮ್ ಕಾಲ್ದಾಗೆ ನೆಂಟ್ರು ಬಂದ್ರೆ ರೇಡಿಯೋ ಕಿವಿ ಹಿಂಡ್ತಿದ್ವಿ!"

ಮನೆಯವರು ಕಕ್ಕಾಬಿಕ್ಕಿ. ನನಗೆ ನೆಲ ಬಿರಿಯಬಾರದೆ ಅನ್ನಿಸಿತು. ಹುಡುಗನ ತಾಯಿಯ ಮುಖ ನೋಡಿದರೆ ಸಂಬಂಧ ಅಲ್ಲೇ ಮುರಿಯುವ ಹಾಗಿತ್ತು. ಆಕೆ ಗಂಭೀರವಾಗಿ ಕೇಳಿದ್ದು ಒಂದೇ ಮಾತು: "ಆಫ್ ಮಾಡ್ಬುಟ್ರಲ್ಲ, ಆ ಕಮಲಾಕ್ಷಿ ಗತಿ ಮುಂದೇನಾಯ್ತದೆ ಅಂತ ಯಾರ್ ಹೇಳ್ತಾರೆ?"

"ನಾನ್ ಹೇಳ್ತೀನಿ" ಎಂದಳು ದೊಡ್ಡಮ್ಮ.

ಶುರುವಾಯಿತು ನೋಡಿ! ಮುಕ್ಕಾಲು ಗಂಟೆ ಹೇಳಿದಳು. ಕಮಲಾಕ್ಷಿ ಮಗುವನ್ನೆತ್ತಿಕೊಂಡು ತವರಿಗೆ ಬಂದದ್ದು, ಅತ್ತಿಗೆಯ ಕಾಟ ತಡೆದದ್ದು, ಕೊನೆಗೆ ಒಂದು ಬೆಳಿಗ್ಗೆ ಕೊಡ ಹಿಡಿದು ಬಾವಿಗೆ ಹೋದದ್ದು, ಮಗುವಿನ ಅಳು ಕೇಳಿ ಕೊಡ ತುಂಬಿಸಿಕೊಂಡು ವಾಪಸ್ ಬಂದದ್ದು, ಆ ನೀರಿನಲ್ಲಿ ಮಗುವಿಗೆ ಎರೆದು, ಒಗೆದ ಸೀರೆ ಉಟ್ಟು, ಮೊದಲ ಬಸ್ಸು ಹಿಡಿದು ತುಮಕೂರಿಗೆ ಟೀಚರ್ ಟ್ರೈನಿಂಗ್ ಸೇರಲು ಹೊರಟದ್ದು. ಅಷ್ಟೂ ಜನ ಕಣ್ಣು ಒರೆಸಿಕೊಂಡರು. ಉಂಗುರ ಬದಲಾಯಿಸಬೇಕೆಂಬುದು ಪುರೋಹಿತರಿಗೂ ಮರೆತುಹೋಗಿತ್ತು. ಹುಡುಗನ ತಾಯಿ ಮೂಗು ಸೀಟಿಕೊಂಡು, "ನಮ್ ಸೊಸೆ ಬಿಎಡ್ ಅರ್ಧಕ್ಕೆ ಬಿಡೋದ್ ಬೇಡ ಕಣ್ರಪ್ಪ, ಮದ್ವೆ ಆದ್ಮೇಲೂ ಓದ್ಲಿ" ಎಂದುಬಿಟ್ಟಳು. ಎರಡು ತಿಂಗಳಿಂದ ಆ ಮಾತಿಗಾಗಿ ಒದ್ದಾಡುತ್ತಿದ್ದ ಹುಡುಗಿ ಓಡಿಬಂದು ದೊಡ್ಡಮ್ಮನ ಕಾಲಿಗೆ ಬಿದ್ದಳು. ಅದರಲ್ಲಿ ಅರ್ಧ ಪುಣ್ಯ ನಿಮಗೂ ಬರಬೇಕೆಂದು ನಾನು ಆಗ ತಿಳಿದಿದ್ದೆ.

ಈಗ ನನ್ನ ಸ್ವಂತ ವಿಷಯಕ್ಕೆ ಬರುತ್ತೇನೆ. ಸ್ವಾಮಿ, ನನ್ನ ಹೆಸರು ನಿಮ್ಮ ಕಾದಂಬರಿಯದು. ಕಮಲಾಕ್ಷಿಯ ಮಗುವಿಗೆ ನೀವಿಟ್ಟ ಹೆಸರನ್ನೇ ನನಗೆ ಇಟ್ಟರಂತೆ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅಪ್ಪನ ಕಡೆಯವರು ಬರಲಿ ಎಂದು ಕಾದೂ ಕಾದೂ ನನ್ನ ನಾಮಕರಣ ಎಂಟು ತಿಂಗಳು ನಿಂತುಹೋಗಿತ್ತು. ಅಷ್ಟರಲ್ಲಿ ತಂಗಿಯ ಜೊತೆಗಿರಲು ಗುಬ್ಬಿಯಿಂದ ಬಂದ ದೊಡ್ಡಮ್ಮ ಅಲ್ಲಿನ ಲೈಬ್ರರಿಯಿಂದ ನಿಮ್ಮ ಪುಸ್ತಕ ತಂದು, ಅಮೃತೂರಿನ ಹತ್ತಿರದ ನಮ್ಮ ಅಜ್ಜಿಮನೆಯ ಜಗಲಿಯಲ್ಲಿ ದಿನಾ ಮಧ್ಯಾಹ್ನ ಗಟ್ಟಿಯಾಗಿ ಓದಿದಳಂತೆ. ಕೊಬ್ಬರಿ ಸುಲಿಯುವ ಹೆಂಗಸರು ಕೈ ನಿಲ್ಲಿಸದೆ ಕೇಳುತ್ತಿದ್ದರಂತೆ. ಪುಸ್ತಕ ಮುಗಿಯುವುದರೊಳಗೆ ನನಗೊಂದು ಹೆಸರಾಗಿತ್ತು. ಶಾಲೆಯಲ್ಲಿ, ಕಾಲೇಜಿನಲ್ಲಿ, ಕಚೇರಿಯಲ್ಲಿ, ಕೇಳಿದವರಿಗೂ ಕೇಳದವರಿಗೂ "ನನ್ನ ಹೆಸರನ್ನು ಇಟ್ಟವರು ದೊಡ್ಡ ಕಾದಂಬರಿಕಾರರು" ಎಂದು ಜಂಬ ಕೊಚ್ಚಿಕೊಂಡು ಬೆಳೆದವಳು ನಾನು. ಪುಸ್ತಕವನ್ನು ಮಾತ್ರ ಎಂದೂ ಓದಿರಲಿಲ್ಲ, ದೊಡ್ಡಮ್ಮನ ಬಾಯಲ್ಲಿ ಕೇಳಿದ್ದೇ ಸಾಕಾಗಿತ್ತು. ಬಿಟ್ಟುಹೋದ ಅಪ್ಪನ ಜಾಗದಲ್ಲಿ ನಾನು ನಿಮ್ಮನ್ನು ಕೂರಿಸಿದ್ದೆ ಎಂದರೂ ತಪ್ಪಿಲ್ಲ. ನಿಮಗೆ ತಿಳಿಯದೆಯೇ ನಿಮಗೊಬ್ಬ ಮಗಳಿದ್ದಳು.

ಹೀಗಿರುವಾಗ ಹೋದ ತಿಂಗಳು ಧಾರಾವಾಹಿಯಲ್ಲಿ ಕಮಲಾಕ್ಷಿಯ ಮಗುವನ್ನು ಯಾರೋ ಕೂಗಿದರು. ಏನೆಂದು? "ಪಿಂಕಿ!"

"ಹಂಗಲ್ಲ!" ಎಂದು ಅರಚಿದ್ದು ಈ ಸಲ ನಾನು. ಇಷ್ಟು ದಿನ ದೊಡ್ಡಮ್ಮ ಒಬ್ಬಳೇ ಮಾಡುತ್ತಿದ್ದ ಗಲಾಟೆಗೆ ನಾನೂ ಸೇರಿಕೊಂಡೆ. ಪಿಂಕಿಯಂತೆ! ಆ ಕಾಲದಲ್ಲಿ, ಆ ಊರಿನಲ್ಲಿ, ಎಮ್ಮೆಕರುವಿಗಾದರೂ ಯಾರಾದರೂ ಪಿಂಕಿ ಎಂದು ಹೆಸರಿಡುತ್ತಿದ್ದರೇ? ಚಾನೆಲ್ಲಿನವರಿಗೆ ಖಾರವಾದ ದೂರು ಬರೆಯುತ್ತೇನೆ, ಇಂಥ ಪುಟದಲ್ಲಿ ಇಂಥ ಸಾಲಿನಲ್ಲಿ ಲೇಖಕರು ನನ್ನ ಹೆಸರನ್ನೇ ಬರೆದಿದ್ದಾರೆ ಎಂದು ಸಾಬೀತು ಮಾಡುತ್ತೇನೆ ಎಂದು ಪ್ರತಿಜ್ಞೆ ಮಾಡಿದೆ. ದೊಡ್ಡಮ್ಮ ತಟ್ಟನೆ ತಣ್ಣಗಾದಳು. "ಓಗ್ಲಿ ಬುಡೇ, ಏನೋ ಒಂದ್ ಹೆಸ್ರು" ಎಂದಳು. ಎಲೆಗೆ ಸುಣ್ಣ ಹಚ್ಚುತ್ತಿದ್ದ ಕೈ ಹಾಗೇ ನಿಂತಿತ್ತು. ಅಮ್ಮ ಹುಣಸೆಬೀಜ ತೆಗೆಯುತ್ತಲೇ ಇದ್ದಳು.

ನಾನು ಬಿಡಲಿಲ್ಲ. ಮೊನ್ನೆ ಗುರುವಾರ ಊಟದ ಬಿಡುವಿನಲ್ಲಿ ಗುಬ್ಬಿಯ ಲೈಬ್ರರಿಗೆ ಹೋದೆ. ನಿಮ್ಮ ಪುಸ್ತಕ ಕೊನೆಯ ಬೀರುವಿನ ತಳದ ಸಾಲಿನಲ್ಲಿತ್ತು. ಬೆನ್ನಿಗೆ ಬಟ್ಟೆ ಪಟ್ಟಿ, ಅಂಚಿಗೆ ಗೆದ್ದಲು ಸವಿದ ಗುರುತು. ಮೊದಲ ಪುಟದಿಂದ ಬೆರಳಿಟ್ಟು ಹುಡುಕಿದೆ. ಮಗು ಎಲ್ಲ ಕಡೆ ಇದೆ: ಮಗು ಅತ್ತಿತು, ಮಗು ಹಾಲು ಕುಡಿಯಿತು, ಮಗು ಮಲಗಿತು. ಹೆಸರು? ಎಲ್ಲೂ ಇಲ್ಲ! ಸ್ವಾಮಿ, ಮುನ್ನೂರು ಪುಟ ಬರೆದವರಿಗೆ ಒಂದು ಕೂಸಿಗೆ ಹೆಸರಿಡಲು ಪುರುಸೊತ್ತಾಗಲಿಲ್ಲವೇ? ಊರಿನ ಶಾನುಭೋಗರ ಕುದುರೆಗೂ ಹೆಸರಿಟ್ಟಿದ್ದೀರಿ. ನನಗೆ ತಡೆಯಲಾಗದ ಸಿಟ್ಟು ಬಂತು. ಕೊನೆಯಲ್ಲಾದರೂ ಇಟ್ಟಿರಬಹುದು ಎಂದು ಕೊನೆಯ ಅಧ್ಯಾಯ ತೆಗೆದೆ.

ಕಮಲಾಕ್ಷಿ ಬೆಳಗಿನ ಜಾವ ಕೊಡ ಹಿಡಿದು ಬಾವಿಗೆ ಹೋಗುತ್ತಾಳೆ. ಒಳಗೆ ಮಗು ಅಳುತ್ತದೆ. ಅವಳಿಗೆ ಕೇಳಿಸುವುದಿಲ್ಲ. ಕೊಡವನ್ನು ಕಟ್ಟೆಯ ಮೇಲೆ ಇಡುತ್ತಾಳೆ. ಅಷ್ಟೇ. ಅಲ್ಲಿಗೆ ನಿಮ್ಮ ಕಾದಂಬರಿ ಮುಗಿಯಿತು. ಬಸ್ಸಿಲ್ಲ, ಟ್ರೈನಿಂಗ್ ಇಲ್ಲ, ಒಗೆದ ಸೀರೆಯೂ ಇಲ್ಲ.

ಅಯ್ಯೋ, ದೊಡ್ಡಮ್ಮನ ನೆನಪು ಇಷ್ಟೊಂದು ಕೆಟ್ಟಿತೇ ಎಂದು ಮರುಗುತ್ತ, ಗ್ರಂಥಪಾಲಕರನ್ನು ಕಾಡಿಬೇಡಿ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಅಮ್ಮ ತರಕಾರಿಗೆ ಹೋಗಿದ್ದಳು. ಚೀಲ ಇಳಿಸುವಾಗ ಬೆನ್ನಿನ ಬಟ್ಟೆ ಪಟ್ಟಿ ಹೊರಗೆ ಕಂಡಿತು. ನಲವತ್ತೈದು ವರ್ಷಗಳಾಗಿದ್ದರೂ ದೊಡ್ಡಮ್ಮ ಅದರ ಗುರುತು ಹಿಡಿದಳು. ಬಂದು ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ನಿಮ್ಮಮ್ಮಂಗೆ ತೋರುಸ್ಬೇಡ ಕಣೇ. ನಿನ್ ಕಾಲಿಗ್ ಬೀಳ್ತೀನಿ."

"ದೊಡ್ಡಮ್ಮ, ಇದರಲ್ಲಿ ಕತೆ ಬೇರೆ ಥರ ಇದೆ."

"ನಂಗೊತ್ತಿಲ್ವಾ? ಓದ್ದೋಳು ನಾನು." ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. "ನಿಮ್ಮಮ್ಮ ಆಗ ಊಟ ಬಿಟ್ಟಿದ್ಲು, ಮಾತು ಬಿಟ್ಟಿದ್ಲು. ನೀನು ಅತ್ರೂ ಎತ್ಕತಿರ್ಲಿಲ್ಲ. ಏನಾದ್ರೂ ಕಿವಿಗ್ ಬೀಳ್ಲಿ ಅಂತ ನಾನ್ ಓದೋಕ್ ಶುರು ಮಾಡ್ದೆ. ಗಂಡ ಬಿಟ್ಟೋಳ ಕತೆ ಅಂತ ನಂಗೇನ್ ಕನಸು ಬಿದ್ದಿತ್ತಾ? ಅರ್ಧ ಆದ್ಮೇಲೆ ನಿಲ್ಸಕ್ಕೂ ಆಗ್ಲಿಲ್ಲ, ಅವಳು ಕೇಳಕ್ಕೆ ಕಂಬ ಒರಗಿ ಕೂರಕ್ ಶುರು ಮಾಡಿದ್ಲು. ಆದ್ರೆ ಅದೇ ವಾರ ಹಿತ್ಲು ಬಾವಿ ಕಟ್ಟೆ ಮೇಲೂ ಹೋಗ್ ಕೂರಕ್ ಶುರು ಮಾಡಿದ್ಲು ಕಣೇ. ಆ ಕೊನೇ ಪುಟ ನಾನ್ ಹೆಂಗೇ ಓದ್ಲಿ? ಪುಸ್ತಕ ಕಣ್ ಮುಂದೆ ಹಿಡ್ಕಂಡು, ಬಾಯಿಗ್ ಬಂದಿದ್ ಹೇಳ್ದೆ. ಮಗೂಗೆ ಒಂದ್ ಹೆಸ್ರು ಕಟ್ದೆ. ಬಸ್ಸು ಹತ್ಸ್ದೆ. ಮಾರ್ನೇ ದಿನ್ವೇ ಪುಸ್ತಕ ಗುಬ್ಬಿಗ್ ತಗಂಡೋಗಿ ವಾಪಸ್ ಕೊಟ್ಬುಟ್ಟೆ."

ಸ್ವಾಮಿ, ಮುಂದಿನದು ನನಗೆ ಗೊತ್ತಿತ್ತು. ಅದಾದ ಮೂರು ತಿಂಗಳಿಗೆ ಅಮ್ಮ ತುಮಕೂರಿಗೆ ಬಂದು ಟ್ರೈನಿಂಗ್ ಸೇರಿದಳು. ಎರಡು ವರ್ಷ ನಾನು ಗುಬ್ಬಿಯಲ್ಲಿ ದೊಡ್ಡಮ್ಮನ ಸೊಂಟದ ಮೇಲೆ ಬೆಳೆದೆ. ಈ ಐದು ತಿಂಗಳ ಫೋನು, ಕನ್ನಡಕ, ಕರಿಬೇವು, ಕುಣಿಗಲ್‌ನ ಟಿವಿ, ಎಲ್ಲದಕ್ಕೂ ಅರ್ಥ ಈಗ ಹೊಳೆಯಿತು. ಧಾರಾವಾಹಿ ಶುರುವಾದ ದಿನವೇ ಅವಳಿಗೆ ಬಾವಿ ಕಂಡಿತ್ತು. ಅದು ಬರುವಾಗ ತಂಗಿಯ ಪಕ್ಕ ತಾನಿರಬೇಕು ಎಂದು ವಾರವಾರವೂ ಬಸ್ಸು ಹತ್ತಿದ್ದಳು. ನಾನು ಮುಪ್ಪಿನ ಚೇಷ್ಟೆ ಎಂದುಕೊಂಡೆನಲ್ಲ! ನನಗೆ ನಾಚಿಕೆಯಾಯಿತು.

"ನಾಳೆ ಬಾವಿ ಬರ್ತದೆ" ಎಂದಳು ದೊಡ್ಡಮ್ಮ. "ಇವತ್ ಕೊನೇಲಿ ತೋರುಸ್ತಾರೆ ನೋಡು."

ತೋರಿಸಿದರು. ಕಮಲಾಕ್ಷಿ ರೇಷ್ಮೆ ಸೀರೆಯಲ್ಲಿ ಬಾವಿಕಟ್ಟೆಯ ಮೇಲೆ, ಮೂರು ಸಲ ಗುಡುಗು, "ನಾಳೆ ಮಹಾಸಂಚಿಕೆ."

ಶುಕ್ರವಾರ ಸಂಜೆ ಆರೂವರೆಗೆ ಸರಿಯಾಗಿ ನಮ್ಮ ಮನೆಯ ಕರೆಂಟು ಹೋಯಿತು. ಮಹಡಿಯ ಮೇಲಿನ ಮಾಲೀಕರ ಮನೆಯಲ್ಲಿ ಟಿವಿ ಕೂಗುತ್ತಿತ್ತು, ಎದುರು ಮನೆಯಲ್ಲಿ ಫ್ಯಾನು ತಿರುಗುತ್ತಿತ್ತು. ದೊಡ್ಡಮ್ಮ ಹಿತ್ತಲಿನಿಂದ ಬಂದು, "ಅಯ್ಯೋ, ಹೋಗ್ಬುಡ್ತಾ?" ಎಂದು ಸೋಫಾದ ಎಡತುದಿಯಲ್ಲಿ ಕೂತಳು. ಇಸ್ತ್ರಿ ಸೀರೆಯ ಅಂಚಿಗೆ ಜೇಡರ ಬಲೆ ಅಂಟಿತ್ತು. ನಾನು ಮೊಬೈಲಿನ ಬೆಳಕು ಹಿಡಿದು ಹಿತ್ತಲಿಗೆ ಹೋಗಿ ಮೀಟರ್ ಬೋರ್ಡು ತೆಗೆದೆ. ಫ್ಯೂಸಿನ ಜಾಗ ಖಾಲಿ! ಗುಬ್ಬಿಯ ತಮ್ಮ ತೆಂಗಿನ ತೋಟದ ಪಂಪ್‌ಸೆಟ್ಟಿನ ಫ್ಯೂಸನ್ನು ಮೂವತ್ತು ವರ್ಷ ಕಿತ್ತು, ಹಾಕಿ ಪಳಗಿದ ಕೈ ದೊಡ್ಡಮ್ಮನದು. ನಾನು ಬೋರ್ಡಿನ ಬಾಗಿಲು ಮುಚ್ಚಿ ಒಳಗೆ ಬಂದು, ಅಮ್ಮನ ಮುಖ ನೋಡದೆ, "ಇಡೀ ಲೈನೇ ಹೋಗಿದೆಯಂತೆ" ಎಂದು ಸುಳ್ಳು ಹೇಳಿದೆ. ಮೇಲಿನ ಮನೆಯ ಟಿವಿಯಲ್ಲಿ ಗುಡುಗು ಕೇಳುತ್ತಲೇ ಇತ್ತು.

ಅಮ್ಮ ದೀಪ ಹಚ್ಚಲು ಅಡುಗೆಮನೆಗೆ ಎದ್ದಳು. ನಾನೂ ಹಿಂದೆ ಹೋದೆ. ಕಡ್ಡಿ ಗೀರುತ್ತ ಅಮ್ಮ ಮೆಲ್ಲಗೆ ಹೇಳಿದಳು: "ಫ್ಯೂಸು ಅವಳ ಎಲೆಯಡಿಕೆ ಡಬ್ಬೀಲಿದೆ. ಆಮೇಲೆ ಅವಳು ಮಲಗಿದ್ಮೇಲೆ ಹಾಕ್ಕೊ."

"ನಿಂಗೆ ಗೊತ್ತಾ?" ಎಂದೆ.

"ಅವಳು ತಪ್ಪಿಸಿದ್ದೆಲ್ಲ ನಾನು ಬೆಳಿಗ್ಗೆ ಮೊಬೈಲಲ್ಲಿ ನೋಡ್ಕೊಂಡಿದೀನಿ ಕಣೇ. ಮೊಬೈಲಲ್ಲಿ ಎಲ್ಲ ಸಿಗುತ್ತೆ ಅಂತ ಅವಳಿಗೆ ಗೊತ್ತಿಲ್ಲ, ಹೇಳ್ಬೇಡ."

"ಅಮ್ಮ, ಆ ಪುಸ್ತಕದ ಕೊನೆ..."

"ಟ್ರೈನಿಂಗ್ ಸೇರಿದ ಮೊದಲ್ನೇ ತಿಂಗಳೇ ಓದ್ದೆ. ಅಲ್ಲಿ ಲೈಬ್ರರೀಲಿ ಇತ್ತು. ನಿನ್ನ ಬಿಟ್ಟು ಬಂದಿದ್ನಲ್ಲ, ತಡ್ಕೊಳ್ಳೋಕೆ ಆಗ್ತಿರ್ಲಿಲ್ಲ. ನಿನ್ನ ಹೆಸರು ಅಚ್ಚಲ್ಲಿ ಒಂದ್ಸಲ ನೋಡೋಣ ಅಂತ ತೆಗೆದೆ. ಪೂರ್ತಿ ಹುಡುಕ್ದೆ, ಇರ್ಲಿಲ್ಲ. ಕೊನೇ ಪುಟಕ್ಕೆ ಬಂದೆ." ದೀಪದ ಬತ್ತಿ ಸರಿಮಾಡಿದಳು. "ಆವತ್ತು ಊಟ ಸೇರ್ಲಿಲ್ಲ. ಪುಸ್ತಕ ಕಣ್ಮುಂದೆ ಇಟ್ಕೊಂಡು ಅವಳು ಅಷ್ಟೆಲ್ಲ ಹೇಗೆ ಕಟ್ಟಿದ್ಲೋ ಅಂತ ನೆನೆಸ್ಕೊಂಡು ಅತ್ತೆ. ಬೆಳಿಗ್ಗೆ ಎದ್ದು ಕ್ಲಾಸಿಗೆ ಹೋದೆ."

"ಇಷ್ಟು ವರ್ಷ ದೊಡ್ಡಮ್ಮಂಗೆ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ತಂಗೀನ ಉಳಿಸ್ಕೊಂಡೆ ಅಂತ ಅವಳು ನೆಮ್ಮದಿಯಾಗಿದಾಳೆ. ಉಳಿಸಿದ್ದು ನಿಜ ಅಲ್ವಾ?"

ಅಮ್ಮ ದೀಪ ಹಿಡಿದು ಹಾಲಿಗೆ ಹೋದಳು. ಟಿವಿಯ ಮುಂದಿನ ಟೀಪಾಯಿಯ ಮೇಲೆ ಇಟ್ಟು, ಅಕ್ಕನ ಬಲಕ್ಕೆ, ಪ್ರತಿದಿನದ ಜಾಗದಲ್ಲೇ ಕೂತಳು. ಹುಣಸೆಹಣ್ಣಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ಅಕ್ಕಾ, ಕರೆಂಟಂತೂ ಬರಲ್ಲ. ಕಮಲಾಕ್ಷಿ ಬಾವಿಗೆ ಹೋದ್ಲಲ್ಲ, ಆಮೇಲೇನಾಯ್ತು? ನಂಗೆ ಮರ್ತೇ ಹೋಗಿದೆ. ಹೇಳು."

ದೊಡ್ಡಮ್ಮ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು. ಎಲೆಯಡಿಕೆ ಡಬ್ಬಿಯನ್ನು ಮಡಿಲೊಳಕ್ಕೆ ಎಳೆದುಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು, ಎರಡೂ ಅಂಗೈಗಳನ್ನು ಪುಸ್ತಕದ ಹಾಗೆ ಬಿಚ್ಚಿ ಹಿಡಿದು, ಶುರು ಮಾಡಿದಳು: "ಬೆಳಗಿನ ಜಾವ. ಕಮಲಾಕ್ಷಿ ಕೊಡ ಇಳಿಬಿಟ್ಟಳು. ಒಳಗೆ ಮಗು ಅತ್ತಿತು..."

ಅವಳು ಮಗುವಿನ ಹೆಸರು ಹೇಳಿದಾಗ ಅಮ್ಮ ನನ್ನ ಕಡೆ ನೋಡಲಿಲ್ಲ, ನನ್ನ ಕೈ ಹಿಡಿದುಕೊಂಡಳು. ವಾಕಿಂಗ್ ಮುಗಿಸಿ ಬಂದ ನಮ್ಮ ಮನೆಯವರು ಬಾಗಿಲಲ್ಲೇ ನಿಂತು, ಕರೆಂಟಿನ ವಿಚಾರ ಕೇಳದೆ, ಪೂರ್ತಿ ಕತೆ ಕೇಳಿದರು.

ಇವತ್ತು ಶನಿವಾರ. ಬೆಳಿಗ್ಗೆ ಅಮ್ಮ ಎಂದಿನಂತೆ ಮೊಬೈಲು ನೋಡಿ ಬಂದು ನನ್ನ ಕಿವಿಯಲ್ಲಿ ಸುದ್ದಿ ಹೇಳಿದಳು. ನಿಮ್ಮ ಕಮಲಾಕ್ಷಿ ಸತ್ತಿಲ್ಲವಂತೆ! ಬಾವಿಗೆ ಬಿದ್ದವಳು ಯಾವುದೋ ಆಸ್ಪತ್ರೆಯಲ್ಲಿ ಎದ್ದಿದ್ದಾಳೆ, ಮುಖ ಬದಲಾಗಿದೆ, ಹಳೆಯದೆಲ್ಲ ಮರೆತಿದೆ, ಸೋಮವಾರದಿಂದ ಹೊಸ ನಟಿ. ದೊಡ್ಡಮ್ಮನ ಫ್ಯೂಸಿನ ಸಾಹಸವೆಲ್ಲ ದಂಡ. ಆದರೂ ನಾವು ಹೇಳಿಲ್ಲ. ಅವಳು ಗುಬ್ಬಿಗೆ ಹೊರಟಾಗ ಅಮ್ಮ ಚೀಲ ಹಿಡಿದು ಗೇಟಿನವರೆಗೂ ಹೋಗಿ, "ಸೋಮವಾರ ಬರ್ತೀಯಲ್ಲ ಅಕ್ಕ?" ಎಂದಳು. "ಬರ್ದೆ ಏನೇ? ಬಸ್ಸು ಫ್ರೀ" ಎಂದಳು ದೊಡ್ಡಮ್ಮ.

ಚಾನೆಲ್ಲಿಗೆ ಬರೆಯ ಹೊರಟ ದೂರನ್ನು ಹರಿದು ಹಾಕಿ ಈ ಕಾಗದವನ್ನು ನಿಮಗೆ ಬರೆದಿದ್ದೇನೆ. ನಿಮ್ಮ ಕತೆ ಕೆಡಿಸಿದ್ದಕ್ಕೆ ದೊಡ್ಡಮ್ಮನ ಪರವಾಗಿ ಕ್ಷಮೆ ಕೇಳಬೇಕೆಂದು ಶುರು ಮಾಡಿದೆ, ಈಗ ಕೇಳಲು ಮನಸ್ಸಿಲ್ಲ. ನೀವು ದೊಡ್ಡ ಲೇಖಕರು, ಸತ್ಯವನ್ನೇ ಬರೆದಿರಿ. ನಮ್ಮ ಹಿತ್ತಲಲ್ಲೂ ಒಂದು ಬಾವಿಯಿತ್ತು, ಅದೂ ಸತ್ಯ. ಅಲ್ಲಿಂದ ನಮ್ಮಮ್ಮ ಒಂದು ಕೊಡ ನೀರು ತುಂಬಿಕೊಂಡು ವಾಪಸ್ ಬಂದಳು, ಆ ನೀರಿನಲ್ಲಿ ನನಗೆ ಎರೆದಳು. ಅದರ ಋಣ ನನಗಿರುವುದು ನಿಮ್ಮ ಪುಸ್ತಕಕ್ಕಲ್ಲ, ಅದನ್ನು ಸರಿಯಾಗಿ ಓದದ ಒಬ್ಬ ಹೆಂಗಸಿಗೆ.

ಇಂತಿ,
ನೀವು ಹೆಸರಿಡದೆ ಬಿಟ್ಟ ಮಗು,
ಉಷಾ